ಬಿಕಾಂ ಓದಿದವಳು ಮೊದಲು ಯಾವ ಪ್ರೋಗ್ರಾಮಿಂಗ್ ಭಾಷೆ ಕಲೀಬೇಕು? ದಯವಿಟ್ಟು ಒಂದೇ ಹೆಸರು ಹೇಳಿ

ಅಡಿಕೆಲೆಕ್ಕ, ಸಾಗರ

ಎಲ್ಲರಿಗೂ ನಮಸ್ಕಾರ. ಬಿಕಾಂ ಮುಗಿದು ಎರಡು ವರ್ಷ ಆಯ್ತು. ಮಾವನ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತೀನಿ. ಟ್ಯಾಲಿ ಚೆನ್ನಾಗಿ ಬರುತ್ತೆ, ಎಕ್ಸೆಲ್‌ನಲ್ಲಿ ವಿಲುಕಪ್ ತನಕ ಬರುತ್ತೆ. ಪ್ರೋಗ್ರಾಮಿಂಗ್ ಸೊನ್ನೆ. ಪಿಯುಸಿಯಲ್ಲಿ ಕಾಮರ್ಸ್ ತಗೊಂಡು ಕಂಪ್ಯೂಟರ್ ಸೈನ್ಸ್ ಬಿಟ್ಟವಳು.

ಈಗ ಕಲೀಬೇಕು ಅನ್ನಿಸಿದೆ. ದಿನಾ ಸಂಜೆ ಎರಡು ಗಂಟೆ ನಾನು ಮಾಡೋದು ಒಂದೇ ಕೆಲಸ. ತೂಕದ ಚೀಟಿ ನೋಡಿ ಎಕ್ಸೆಲ್‌ಗೆ ಹಾಕೋದು, ಖಾಲಿ ಚೀಲದ ತೂಕ ಕಳೆಯೋದು, ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆ ಬಗೆಗಳನ್ನ ಬೇರೆ ಬೇರೆ ಮಾಡಿ ರೇಟು ಗುಣಿಸೋದು, ಒಬ್ಬೊಬ್ಬರಿಗೂ ಪಟ್ಟಿ ತೆಗೆಯೋದು. ಸುಗ್ಗಿ ಟೈಮಲ್ಲಿ ರಾತ್ರಿ ಹತ್ತಾಗುತ್ತೆ. ಇದನ್ನ ಕಂಪ್ಯೂಟರ್ ತಾನೇ ಮಾಡಬಾರದಾ ಅಂತ. ಜೊತೆಗೆ ಮುಂದೆ ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಕೆಲಸ ಸಿಕ್ಕರೆ ಬೇಡ ಅನ್ನಲ್ಲ.

ಇಂಜಿನಿಯರಿಂಗ್ ಓದೋ ತಮ್ಮ ಸಿ ಅಂತಾನೆ. ಅವನ ರೂಮ್‌ಮೇಟ್ ಪೈಥಾನ್ ಅಂತಾನೆ. ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಕೇಳಿದ್ರೆ ಜಾವಾ ಫುಲ್ ಸ್ಟ್ಯಾಕ್, ಆರು ತಿಂಗಳು, 60 ಸಾವಿರ, ಅದೂ ಮೊದಲೇ ಕಟ್ಟಬೇಕಂತೆ. ಯೂಟ್ಯೂಬ್ ತೆರೆದ್ರೆ ದಿನಕ್ಕೊಂದು ಭಾಷೆ ಸತ್ತು ಹೋಗಿರುತ್ತೆ, ಇನ್ನೊಂದು ಹುಟ್ಟಿರುತ್ತೆ.

ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ್‍ಯಾಮ್, ವಿಂಡೋಸ್ 10. ಮಳೆ ಬಂದ್ರೆ ಕರೆಂಟು, ನೆಟ್ಟು ಎರಡೂ ಹೋಗುತ್ತೆ. ಒಂದೇ ಒಂದು ಹೆಸರು ಹೇಳಿ, ಪುಣ್ಯ ಬರುತ್ತೆ.

ಹಳೇಟರ್ಬೊ, ಮೈಸೂರು

ಸಿ. ಮುಗೀತು.

ಕಾರಣ ಬೇಕಾದ್ರೆ ಕೇಳಿ. ನಾನು ಡಿಪ್ಲೊಮಾದಲ್ಲಿ ಸಿ ಕಲಿತೆ, ಇಪ್ಪತ್ತು ವರ್ಷದ ಮೇಲೂ ಅದೇ ಅನ್ನ ಹಾಕ್ತಿದೆ. ಕರೆಂಟ್ ಮೀಟರ್, ವಾಷಿಂಗ್ ಮಷೀನ್ ಇಂಥದ್ದರ ಒಳಗಿನ ಚಿಪ್‌ಗೆ ಪ್ರೋಗ್ರಾಂ ಬರೆಯೋದು ನನ್ನ ಕೆಲಸ. 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಮಾಡಿದ ಭಾಷೆ. ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮನ್ನು ಅದರಲ್ಲಿ ಮತ್ತೆ ಬರೆದರು, ಲಿನಕ್ಸ್‌ನ ತಿರುಳು (ಕರ್ನಲ್) ಬಹುಪಾಲು ಅದರಲ್ಲೇ ಇದೆ, ಈಗ ಎಲ್ಲರೂ ಹೊಗಳೋ ಪೈಥಾನ್ ಕೂಡ ಒಳಗೆ ಸಿ ನಲ್ಲೇ ಬರೆದಿರೋದು. ಮೆಮೊರಿ ಅಂದ್ರೇನು, ಅಲ್ಲಿ ಒಂದು ಸಂಖ್ಯೆ ಎಷ್ಟು ಜಾಗ ತಿನ್ನುತ್ತೆ, ವಿಳಾಸ ಅಂದ್ರೇನು, ಇಷ್ಟು ಗೊತ್ತಿಲ್ದೆ ಬರೆಯೋರು ಆಮೇಲೆ ಒದ್ದಾಡ್ತಾರೆ. ಬಾವಿಯಿಂದ ನೀರು ಸೇದಿದವರಿಗೇ ನಲ್ಲಿ ನೀರಿನ ಬೆಲೆ ಗೊತ್ತಾಗೋದು.

ಕುಮಟಾಮೇಷ್ಟ್ರು

ಹಳೇಟರ್ಬೊ ಅವರೇ, ನೀವು ಹೇಳಿದ್ದು ಸುಳ್ಳಲ್ಲ. ಆದರೆ ಸಾರು ಮಾಡಲು ಬಂದವಳ ಕೈಗೆ ಗುದ್ದಲಿ ಕೊಟ್ಟು ಬಾವಿ ತೋಡು ಅಂದ ಹಾಗಾಯಿತು.

ಹದಿನೈದು ವರ್ಷ ಪಿಯು ಮಕ್ಕಳಿಗೆ ಸಿ++ ಕಲಿಸಿದವನು ನಾನು. ಲ್ಯಾಬಿನಲ್ಲಿ ಟರ್ಬೊ ಸಿ++, ಅದೇ ನೀಲಿ ಪರದೆ. ಬೋರ್ಲ್ಯಾಂಡ್ ಕಂಪನಿ 1990ರಲ್ಲಿ ತಂದ ತಂತ್ರಾಂಶ ಅದು. ಸಿ++ ಭಾಷೆಗೆ ಮೊದಲ ಅಧಿಕೃತ ಮಾನಕ ಬಂದದ್ದೇ 1998ರಲ್ಲಿ. ಹೊಸ ಕಂಪ್ಯೂಟರ್‌ಗಳಲ್ಲಿ ಅದು ನೇರವಾಗಿ ನಡೆಯುವುದೂ ಇಲ್ಲ, ಡಾಸ್‌ಬಾಕ್ಸ್ ಎಂಬ ಇನ್ನೊಂದರ ಹೊಟ್ಟೆಯೊಳಗೆ ಕೂರಿಸಬೇಕು.

ಒಂದು ದಿನ ಒಬ್ಬಳು ಹುಡುಗಿ ಅಪ್ಪನ ಸಂಬಳ 20000, ಅಮ್ಮನ ಸಂಬಳ 15000 ಕೂಡಿಸುವ ಪ್ರೋಗ್ರಾಂ ಬರೆದಳು. ಸೆಮಿಕೋಲನ್ ಎಲ್ಲ ಸರಿ, ಸೂತ್ರ ಸರಿ. ಉತ್ತರ ಬಂತು: -30536. ಅವಳು ನನ್ನ ಮುಖ ನೋಡಿ, "ಸರ್, ಇಬ್ಬರೂ ದುಡಿದರೆ ಸಾಲ ಬರ್ತದಾ?" ಅಂದಳು. ಇಡೀ ಲ್ಯಾಬ್ ನಕ್ಕಿತು. ಟರ್ಬೊದಲ್ಲಿ ಪೂರ್ಣಾಂಕಕ್ಕೆ ಇರುವುದು 16 ಬಿಟ್ ಜಾಗ. 32767 ದಾಟಿದ ಕೂಡಲೇ ಸಂಖ್ಯೆ ಹಿಂದಿನ ಬಾಗಿಲಿನಿಂದ ಋಣಕ್ಕೆ ಹೋಗಿ ಬೀಳುತ್ತದೆ. 35000ರಲ್ಲಿ 65536 ಕಳೆದರೆ ಅದೇ -30536. ಇದನ್ನು ವಿವರಿಸಲು ನನಗೆ ಎರಡು ಪೀರಿಯಡ್ ಬೇಕಾಯಿತು. ಅಷ್ಟರಲ್ಲಿ ಆ ಹುಡುಗಿಗೆ ಎರಡು ಸಂಖ್ಯೆ ಕೂಡಿಸುವ ಆಸೆಯೇ ಹೊರಟುಹೋಗಿತ್ತು.

ಹಾಗಾಗಿ ನನ್ನ ಮತ ಪೈಥಾನ್‌ಗೆ. ಅಲ್ಲಿ ಪೂರ್ಣಾಂಕ ಎಷ್ಟು ಉದ್ದವಾದರೂ ಬೆಳೆಯುತ್ತದೆ. ಅದನ್ನು ಮಾಡಿದ ಗೈಡೊ ವಾನ್ ರಾಸಮ್ ಮೊದಲು ಆಮ್‌ಸ್ಟರ್‌ಡ್ಯಾಮಿನ ಗಣಿತ ಸಂಶೋಧನಾ ಕೇಂದ್ರದಲ್ಲಿ ಎಬಿಸಿ ಎಂಬ ಭಾಷೆಯ ತಂಡದಲ್ಲಿದ್ದವರು. ಕಲಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಭಾಷೆ ಅದು. ಎಬಿಸಿ ಬೆಳೆಯಲಿಲ್ಲ, ಅದರ ಒಳ್ಳೆಯ ಗುಣಗಳು 1991ರಲ್ಲಿ ಹೊರಬಂದ ಪೈಥಾನ್‌ಗೆ ಬಂದವು. ಬ್ರಾಕೆಟ್ ಬದಲು ಸಾಲು ಒಳಗೆ ಸರಿಸಿ ಬರೆಯುವ ಪದ್ಧತಿ ಅಲ್ಲಿಂದಲೇ ಬಂದದ್ದು.

ಪೇಢೆಪ್ರಿಯ, ಧಾರವಾಡ

ಮೊದಲ ಮಾತು ಹೇಳಿಬಿಡ್ತೇನ್ರಿ ಅಕ್ಕಾರ, ಆ 60 ಸಾವಿರ ಕೊಡಬ್ಯಾಡ್ರಿ. ನಾನು ಹನ್ನೊಂದು ವರ್ಷದಿಂದ ಜಾವಾದಾಗ ಬ್ಯಾಂಕ್ ಸಾಫ್ಟ್‌ವೇರ್ ಬರ್ಕೊಂತ ಬಂದೇನಿ, ಜಾವಾ ಮ್ಯಾಲೆ ನನಗ ಸಿಟ್ಟಿಲ್ಲ. ಆದರ ಫುಲ್ ಸ್ಟ್ಯಾಕ್ ಅಂದ್ರ ಜಾವಾ ಒಂದ ಅಲ್ರಿ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಸ್ಪ್ರಿಂಗ್, ಡೇಟಾಬೇಸ್, ಗಿಟ್, ಎಲ್ಲಾ ಕೂಡಿ ಒಂದ ಚೀಲದಾಗ ತುಂಬಿ ಆರು ತಿಂಗಳಿಗೆ ಕೊಡ್ತೇವಿ ಅಂತಾರ. ಒಂದು ಸಾಲು ಕೋಡ್ ಬರೀಲಾರದವರಿಗೆ ಅದು ತಲಿಗೆ ಹತ್ತೂದಿಲ್ಲ. "ನೌಕರಿ ಗ್ಯಾರಂಟಿ" ಅಂದ್ರ ಅದನ್ನ ಹಾಳಿ ಮ್ಯಾಲೆ ಬರದು ಕೊಡ್ರಿ ಅನ್ರಿ, ಮುಖ ನೋಡ್ರಿ ಆಮ್ಯಾಲೆ.

ಜಾವಾ 1995ರಾಗ ಸನ್ ಕಂಪನಿಯವರು ಹೊರಗ ತಂದದ್ದು, ಜೇಮ್ಸ್ ಗಾಸ್ಲಿಂಗ್ ಅದರ ಮೂಲಪುರುಷ. ದೊಡ್ಡ ತಂಡ ಕೂಡಿ ವರ್ಷಗಟ್ಟಲೆ ನಡೆಸೂ ಕೆಲಸಕ್ಕ ಅದು ಭಾಳ ಚಲೋ, ಯಾಕಂದ್ರ ತಪ್ಪು ಮಾಡಿದ್ರ ಓಡೂದಕ್ಕಿಂತ ಮೊದಲ ಕೈ ಹಿಡೀತದ. ಆದರ ಒಂದು ಹೆಸರು ತೆರಿ ಮ್ಯಾಲೆ ತೋರ್ಸಬೇಕಂದ್ರೂ ಪಬ್ಲಿಕ್, ಕ್ಲಾಸ್, ಸ್ಟ್ಯಾಟಿಕ್, ವಾಯ್ಡ್, ಮೇನ್, ಇಷ್ಟು ಬರೀರಿ ಅಂತ ಕಲಿಸ್ತಾರ. "ಸರ್, ಸ್ಟ್ಯಾಟಿಕ್ ಅಂದ್ರ ಏನು?" ಅಂದ್ರ "ಈಗ ಹಂಗ ಬರ್ಕೋರಿ, ನಾಕನೇ ಚಾಪ್ಟರಿನ್ಯಾಗ ಬರ್ತದ" ಅಂತಾರ. ಮಂತ್ರ ತಿಳೀಲಾರದ ಸಂಧ್ಯಾವಂದನೆ ಮಾಡಿದಂಗ. ಹೊಸಾ ಆವೃತ್ತಿಯೊಳಗ ಇದನ್ನ ಸಣ್ಣದು ಮಾಡ್ಯಾರ, ಆದರ ಕ್ಲಾಸಿನ್ಯಾಗ ಕಲಿಸೂ ನೋಟ್ಸ್ ಇನ್ನೂ ಹಳೇವ ಅದಾವ.

ನೌಕರಿ ಬೇಕಂದ್ರ ಜಾವಾ ಎರಡನೇ ಭಾಷಾ ಮಾಡ್ಕೋರಿ. ಮೊದಲನೇದು ಮೇಷ್ಟ್ರು ಹೇಳಿದ್ದ ಸರಿ.

ಕಡಲಕೋಡು, ಮಂಗಳೂರು

ನೀವು ಹೇಳಿದ್ದನ್ನೆಲ್ಲ ಮೊದಲು ಇನ್‌ಸ್ಟಾಲ್ ಮಾಡಬೇಕಲ್ಲ ಮಾರಾಯ್ರೆ. ಅವರ ಲ್ಯಾಪ್‌ಟಾಪಿನಲ್ಲಿ ಜಾವಾಸ್ಕ್ರಿಪ್ಟ್ ಆಗಲೇ ಉಂಟು. ಬ್ರೌಸರ್ ತೆರೆದು ಎಫ್12 ಒತ್ತಿ, ಕನ್ಸೋಲ್‌ಗೆ ಹೋಗಿ, 193.3 * 480 ಅಂತ ಹೊಡೆದು ನೋಡಿ. ಉತ್ತರ ಬಂತಲ್ಲ? ನೀವು ಪ್ರೋಗ್ರಾಮರ್. ನೆಟ್ಟೂ ಬೇಡ, ದುಡ್ಡೂ ಬೇಡ.

ಬರೆದದ್ದು ಕಣ್ಣಿಗೆ ಕಾಣ್ತದೆ, ಬಟನ್ ಒತ್ತಿದರೆ ಏನೋ ಆಗ್ತದೆ, ಮೊಬೈಲಿನಲ್ಲೂ ತೋರಿಸಬಹುದು. ಮನೆಯವರಿಗೆ ತೋರಿಸಿ ಹೊಗಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಭಾಷೆ ಇಲ್ಲ. ಹಾಂ, ಹೆಸರಿನಲ್ಲಿ ಜಾವಾ ಇದ್ದರೂ ಜಾವಾಗೂ ಇದಕ್ಕೂ ಸಂಬಂಧ ಇಲ್ಲ. ಆಗ ಜಾವಾದ ಹೆಸರು ಓಡ್ತಿತ್ತು, ಅದಕ್ಕೆ ಇಟ್ಟರು.

ಕುಮಟಾಮೇಷ್ಟ್ರು

ಕಡಲಕೋಡು, ಆ ಕನ್ಸೋಲಿನಲ್ಲೇ "5" + 2 ಹೊಡೆಯಿರಿ. ಆಮೇಲೆ "5" - 2 ಹೊಡೆಯಿರಿ. ಮೊದಲನೆಯದಕ್ಕೆ 52 ಬರುತ್ತದೆ, ಎರಡನೆಯದಕ್ಕೆ 3. ಇದನ್ನು ಬಿಕಾಂ ಮಾಡಿದ ಹುಡುಗಿಗೆ ನೀವೇ ವಿವರಿಸಿ.

ಕಡಲಕೋಡು, ಮಂಗಳೂರು

😄 ಅದೊಂದು ಕೇಳಬೇಡಿ ಮೇಷ್ಟ್ರೇ. 1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಮೊದಲ ರೂಪ ಕಟ್ಟಿದ ಭಾಷೆ. ಹತ್ತು ದಿನದಲ್ಲಿ ಕಟ್ಟಿದ ಮನೆಯಲ್ಲಿ ಒಂದೆರಡು ಬಾಗಿಲು ತಿರುಗುಮುರುಗಾದರೆ ಏನು ಮಾಡುವುದು.

ಮೇಷ್ಟ್ರು ಹೇಳಿದ್ದು ಒಪ್ಪಿದೆ. ಪೈಥಾನ್ ಅಲ್ಲಿ ಅಡ್ಡ ನಿಂತು ಜಗಳ ಮಾಡ್ತದೆ, ಜಾವಾಸ್ಕ್ರಿಪ್ಟ್ ಸುಮ್ಮನೆ ಏನೋ ಒಂದು ಉತ್ತರ ಕೊಟ್ಟು ಕೂರ್ತದೆ. ದುಡ್ಡಿನ ಲೆಕ್ಕಕ್ಕೆ ಜಗಳಗಂಟ ಗುಮಾಸ್ತನೇ ಒಳ್ಳೆಯದು.

ಬ್ಯಾಂಕ್‌ಮೂಲೆ, ದಾವಣಗೆರೆ

ಯಾರೂ ಹೇಳದ ಹೆಸರು ನಾನು ಹೇಳ್ತೀನಿ: ಎಸ್‌ಕ್ಯೂಎಲ್, ಡೇಟಾಬೇಸ್‌ನಿಂದ ಮಾಹಿತಿ ಕೇಳೋ ಭಾಷೆ. ನಾನೂ ಬಿಕಾಂ. ಲೆಕ್ಕದ ಪುಸ್ತಕ ಗೊತ್ತಿರೋರಿಗೆ ಅದು ತಾಯಿ ಭಾಷೆ ಇದ್ದ ಹಾಗೆ. "ಈ ತಿಂಗಳು ರಾಶಿ ಅಡಿಕೆ ತಂದ ರೈತರ ಹೆಸರು, ಒಟ್ಟು ತೂಕ, ದೊಡ್ಡದರಿಂದ ಚಿಕ್ಕದಕ್ಕೆ ಕೊಡು" ಅನ್ನೋದನ್ನ ಹೆಚ್ಚುಕಮ್ಮಿ ಹಾಗೇ ಬರೆದ್ರಾಯ್ತು. ಹೇಗೆ ಮಾಡ್ಬೇಕು ಅಂತ ಹೇಳೋದೇ ಬೇಡ, ಏನು ಬೇಕು ಅಂತ ಹೇಳಿದ್ರೆ ಸಾಕು. 1970ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು, ಇವತ್ತಿಗೂ ಎಲ್ಲ ಬ್ಯಾಂಕಿನ ಹಿಂದೆ ಇದೆ. ಪೈಥಾನ್ ಹಾಕ್ಕೊಂಡ್ರೆ ಅದರ ಜೊತೆಗೇ ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ಬರುತ್ತೆ, ಬೇರೆ ಏನೂ ಹಾಕಬೇಕಾಗಿಲ್ಲ.

ಮೊದಲ ಭಾಷೆ ಅನ್ನೋಕಾಗಲ್ಲ ಅಂತ ಇಲ್ಲಿ ಬೈತಾರೆ. ಬೈಲಿ. ಎರಡನೇ ತಿಂಗಳಲ್ಲಿ ಶುರು ಮಾಡಿ.

ಸುಮ್ನೆಓದುವವ

ಇಷ್ಟೆಲ್ಲ ಯಾಕೆ? ಎಐಗೆ ಹೇಳಿದ್ರೆ ಬರೆದುಕೊಡುತ್ತೆ. ನಾನೊಂದು ಸಾಲೂ ಕಲಿತಿಲ್ಲ, ಮೂರು ಆ್ಯಪ್ ಮಾಡಿದ್ದೀನಿ.

ಪೇಢೆಪ್ರಿಯ, ಧಾರವಾಡ

ಆ ಮೂರರೊಳಗ ಒಂದು ಕೆಟ್ಟಾಗ ಬರ್ರಿ ತಮ್ಮಾ, ಕೂತು ಮಾತಾಡೂಣು.

ಎಐ ಬ್ಯಾಡ ಅನ್ನೂದಿಲ್ಲ, ನಾನೂ ದಿನಾ ಬಳಸ್ತೇನಿ. ಆದರ ಅದು ಕೊಟ್ಟ ಲೆಕ್ಕ ಸರಿನೋ ತಪ್ಪೋ ಅಂತ ಹೇಳಾಕ ಯಾರರ ಬೇಕಲ್ರಿ. ಮಂಡಿ ಲೆಕ್ಕದಾಗ ಚೀಲದ ತೂಕ ಕಳೀಲಿಲ್ಲಂದ್ರ ಎಐಗೆ ಏನು ನಷ್ಟ? ರೈತ ಬಂದು ಹಿಡಿಯೂದು ಇವರ ಕೊಳ್ಳಪಟ್ಟಿ. ಅಕ್ಕಾರ, ಮೊದಲ ಎರಡು ತಿಂಗಳು ಅದಕ್ಕ ಕೋಡ್ ಬರಿ ಅನಬ್ಯಾಡ್ರಿ. ಎರರ್ ಬಂದ್ರ "ಇದರ ಅರ್ಥ ಏನು, ಕನ್ನಡದಾಗ ಹೇಳು" ಅಂತ ಕೇಳ್ರಿ. ಅಷ್ಟಕ್ಕ ಅದು ಛಲೋ ಮೇಷ್ಟ್ರು.

ಹಳೇಟರ್ಬೊ, ಮೈಸೂರು

ಎಲ್ಲ ಸೇರಿ ಸಿ ಯನ್ನ ಮೂಲೆಗೆ ತಳ್ಳಿದ್ರಿ. ಆಗ್ಲಿ. ಆದ್ರೆ ಒಂದು ಮಾತು. ಪೈಥಾನ್ ಕಲಿತ ಹುಡುಗರನ್ನ ಇಂಟರ್‌ವ್ಯೂ ಮಾಡಿದ್ದೀನಿ. ಲೈಬ್ರರಿ ಹೆಸರು ಇಪ್ಪತ್ತು ಹೇಳ್ತಾರೆ. ಹತ್ತು ಸಂಖ್ಯೆಯಲ್ಲಿ ದೊಡ್ಡದನ್ನ ನೀವೇ ಹುಡುಕಿ, ರೆಡಿ ಫಂಕ್ಷನ್ ಬಳಸಬೇಡಿ ಅಂದ್ರೆ ಪೆನ್ನು ಕೆಳಗಿಡ್ತಾರೆ. ಸುಲಭದ ಭಾಷೆ ಅಂದ್ರೆ ಇದೇ ಅಪಾಯ.

ಕುಮಟಾಮೇಷ್ಟ್ರು

ಇದನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ತಪ್ಪು ಭಾಷೆಯದಲ್ಲ, ಕಲಿಸಿದವರದು. ಆದರೂ ಒಪ್ಪುತ್ತೇನೆ.

ಅಂದ ಹಾಗೆ ಈ ಜಗಳ ಹೊಸದೇನಲ್ಲ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳು ಬೇಸಿಕ್ ಭಾಷೆ ಮಾಡಿದ್ದು ಯಾರಿಗೆ ಗೊತ್ತೇ? ವಿಜ್ಞಾನ ಓದದ ಹುಡುಗರಿಗೆ. ಕಲೆ, ಸಮಾಜಶಾಸ್ತ್ರ ಓದುವವರೂ ಕಂಪ್ಯೂಟರ್ ಮುಟ್ಟಲಿ ಎಂದು. ನಮ್ಮ ಸಾಗರದ ತಂಗಿಯಂಥವರಿಗೇ ಅನ್ನಿ. ಹನ್ನೊಂದು ವರ್ಷ ಕಳೆಯುವಷ್ಟರಲ್ಲಿ, 1975ರಲ್ಲಿ, ಕಂಪ್ಯೂಟರ್ ವಿಜ್ಞಾನದ ದೊಡ್ಡ ವಿದ್ವಾಂಸ ಡೈಕ್‌ಸ್ಟ್ರಾ ಬರೆದರು: ಬೇಸಿಕ್ ಕಲಿತು ಬಂದವರ ಬುದ್ಧಿ ಮತ್ತೆ ಸರಿಹೋಗದಷ್ಟು ಕೆಟ್ಟಿರುತ್ತದೆ, ಅವರಿಗೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ ಅಂತ. ಆಮೇಲೆ ಒಂದಿಡೀ ತಲೆಮಾರು ಮನೆಯ ಕಂಪ್ಯೂಟರಿನಲ್ಲಿ ಬೇಸಿಕ್ ಹೊಡೆದೇ ಈ ಕಸುಬಿಗೆ ಬಂತು. ನಾನೂ ಬಂದೆ. ನನ್ನ ಬುದ್ಧಿ ಕೆಟ್ಟಿದೆಯೋ ಇಲ್ಲವೋ ನನ್ನ ಹೆಂಡತಿಯನ್ನು ಕೇಳಬೇಕು.

ಅಡಿಕೆಲೆಕ್ಕ, ಸಾಗರ

ಅಯ್ಯೋ, ಒಂದು ಹೆಸರು ಕೇಳಿದ್ದಕ್ಕೆ ಇಷ್ಟು! ಎಲ್ಲ ಎರಡೆರಡು ಸಲ ಓದಿದೆ. ಪೈಥಾನ್ ಅಂತ ಗಟ್ಟಿ ಮಾಡಿದೆ. 60 ಸಾವಿರ ಉಳೀತು, ಮಾವ ನಿಮಗೆಲ್ಲ ಅಡಿಕೆ ಕಳಿಸ್ತೀನಿ ಅಂದಿದ್ದಾರೆ (ಕಳಿಸಲ್ಲ).

ಈಗ ಏನು ಹಾಕ್ಕೊಳ್ಳಬೇಕು, ಎಲ್ಲಿಂದ ಶುರು?

ಕುಮಟಾಮೇಷ್ಟ್ರು

ಪೈಥಾನ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಅಳವಡಿಸುವಾಗ ಮೊದಲ ಪರದೆಯ ಕೆಳಗೆ "ಪಾತ್‌ಗೆ ಸೇರಿಸು" ಎಂಬ ಸಣ್ಣ ಚೌಕ ಕಂಡರೆ ಅದಕ್ಕೆ ಟಿಕ್ ಹಾಕಲು ಮರೆಯಬೇಡಿ (ಪಾತ್ ಅಂದರೆ ಪ್ರೋಗ್ರಾಂಗಳು ಎಲ್ಲಿವೆ ಎಂದು ವಿಂಡೋಸ್ ಹುಡುಕುವ ಪಟ್ಟಿ). ಮರೆತವರು ಆಮೇಲೆ ಮೂರು ದಿನ "ಪೈಥಾನ್ ಸಿಗುತ್ತಿಲ್ಲ" ಎಂದು ಅಳುತ್ತಾರೆ.

ಬರೆಯಲು ಥಾನಿ ಬಳಸಿ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಹೊಸಬರಿಗಾಗಿಯೇ ಮಾಡಿದ್ದು, ಹಗುರ, 4 ಜಿಬಿಯಲ್ಲಿ ಆರಾಮವಾಗಿ ಓಡುತ್ತದೆ. ಒಂದೊಂದೇ ಸಾಲು ನಡೆಸುತ್ತ ಯಾವ ಹೆಸರಿನಲ್ಲಿ ಏನಿದೆ ಎಂದು ಪಕ್ಕದಲ್ಲಿ ತೋರಿಸುತ್ತದೆ. ಕರೆಂಟು ಹೋದಾಗ ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ ಎಂಬ ಪೈಥಾನ್ ಆ್ಯಪ್ ಇಟ್ಟುಕೊಳ್ಳಿ.

ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕೆಲವು ಪಾಠ ಕನ್ನಡ ಧ್ವನಿಯಲ್ಲೂ ಇವೆ. ಹಳೆಯ ವಿಡಿಯೊ ನೋಡುವಾಗ ಒಂದು ಎಚ್ಚರ: ಪ್ರಿಂಟ್ ಮುಂದೆ ಬ್ರಾಕೆಟ್ ಇಲ್ಲದೆ ಬರೆದಿದ್ದರೆ ಅದು ಪೈಥಾನ್ 2. ಅದಕ್ಕೆ 2020ರ ಜನವರಿ 1ಕ್ಕೆ ತರ್ಪಣ ಬಿಟ್ಟಾಗಿದೆ.

ಪುಸ್ತಕದ ಲೆಕ್ಕ ಮಾಡಬೇಡಿ. ನಿಮ್ಮ ಕೈಯಲ್ಲಿರುವ ತೂಕದ ಚೀಟಿಯನ್ನೇ ಮಾಡಿ. ಮೂರು ಚೀಲ, ಒಂದು ರೇಟು. ಅಷ್ಟೇ.

ಅಕ್ಷರಮೂರು, ಮ್ಯೂನಿಕ್

ತಡವಾಗಿ ಬಂದೆ, ಕ್ಷಮಿಸಿ. ರೈತರ ಹೆಸರು ಕನ್ನಡದಲ್ಲಿ ಬರೀತೀರಾ ಅಂದ್ರೆ ನಿಮಗೆ ಕೆಲವು ತಮಾಷೆ ಕಾದಿವೆ. ನಾನು ಕನ್ನಡ ಪಠ್ಯದ ಜೊತೆ ಗುದ್ದಾಡೋ ಕೆಲಸ ಮಾಡ್ತೀನಿ, ಅದಕ್ಕೆ ಹೇಳ್ತಿದ್ದೀನಿ.

ಪೈಥಾನ್ 3ರಲ್ಲಿ ಹೆಸರುಗಳನ್ನ ಕನ್ನಡದಲ್ಲೇ ಇಡಬಹುದು. ತೂಕ = 193.3, ಬೆಲೆ = 48000 ಅಂತ ಬರೆದ್ರೆ ಅದು ಕೋಡೇ, ನಡೆಯುತ್ತೆ. ಆದ್ರೆ ರೇಟ್‌ಗಳು ಅಂತ ಬರೆದ್ರೆ ಎರರ್. ಯಾಕಂದ್ರೆ ಟ ಕೆಳಗೆ ಗ ಒತ್ತು ಬರಬಾರದು ಅಂತ ನಾವು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕ್ತೀವಿ, ಯುನಿಕೋಡ್‌ನಲ್ಲಿ (ಎಲ್ಲ ಲಿಪಿಯ ಅಕ್ಷರಕ್ಕೂ ಸಂಖ್ಯೆ ಕೊಟ್ಟ ಪಟ್ಟಿ) ಅದರ ಸಂಖ್ಯೆ 200ಸಿ. ಪೈಥಾನ್ ಅದನ್ನ ಹೆಸರಿನೊಳಗೆ ಬಿಟ್ಕೊಳ್ಳಲ್ಲ. ಕಾಣದ ಅಕ್ಷರಕ್ಕೆ ಎರರ್ ಬಂದಾಗ ಹೊಸಬರು ಹುಚ್ಚು ಹಿಡಿದ ಹಾಗೆ ಸಾಲು ನೋಡ್ತಾ ಕೂರ್ತಾರೆ.

ಇನ್ನೊಂದು. "ಮೈಸೂರು" ಅನ್ನೋ ಪದದಲ್ಲಿ ಎಷ್ಟು ಅಕ್ಷರ? ನಿಮಗೆ ನನಗೆ ಮೂರು. ಪೈಥಾನ್‌ಗೆ ಕೇಳಿದ್ರೆ 6 ಅನ್ನುತ್ತೆ: ಮ, ಐತ್ವ, ಸ, ಊ ಕಾರದ ಕೊಂಬು, ರ, ಉ ಕಾರದ ಕೊಂಬು. ಹಳೇಟರ್ಬೊ ಅವರ ಸಿ ಗೆ ಕೇಳಿದ್ರೆ 18, ಯಾಕಂದ್ರೆ ಯುನಿಕೋಡನ್ನ ಫೈಲಿಗೆ ಬರೆಯೋ ಯುಟಿಎಫ್-8 ಪದ್ಧತಿಯಲ್ಲಿ ಇವು ಒಂದೊಂದೂ ಮೂರು ಬೈಟ್ ತಿನ್ನುತ್ತೆ. ಅದೇ ಪದವನ್ನ ತಿರುಗಿಸಿ ಬರೆಸಿದ್ರೆ ಮೊದಲಿಗೆ ಕೂರೋಕೆ ವ್ಯಂಜನ ಸಿಗದ ಕೊಂಬೊಂದು ಗಾಳಿಯಲ್ಲಿ ನೇತಾಡುತ್ತೆ, ಆಮೇಲೆ ರೂ, ಸೈ, ಮ. ಸ್ವರಗಳೆಲ್ಲ ಒಂದೊಂದು ಮನೆ ಆಚೆಗೆ ಹೋಗಿರುತ್ತೆ. ಕಾಲೇಜಲ್ಲಿ ಎಲ್ಲರಿಗೂ ಕೊಡೋ "ಪದ ತಿರುಗಿಸಿ" ಅಭ್ಯಾಸವನ್ನ ಕನ್ನಡದಲ್ಲಿ ಸರಿಯಾಗಿ ಮಾಡೋಕೆ ನಂಗೆ ಒಂದು ವಾರ ಹಿಡೀತು.

ಖುಷಿಯ ಸುದ್ದಿಯೂ ಇದೆ. ಯಾರಾದ್ರೂ ತೂಕವನ್ನ ಕನ್ನಡ ಅಂಕಿಯಲ್ಲಿ ೬೫ ಅಂತ ಹೊಡೆದ್ರೂ, ಸಂಖ್ಯೆ ಮಾಡು ಅಂತ ಹೇಳಿದ್ರೆ ಪೈಥಾನ್ ಅದನ್ನ ಸಂಖ್ಯೆ ಮಾಡಿಕೊಡುತ್ತೆ. ಕೆಲವು ಭಾಷೆಗಳು ಹೀಗೆ ಮಾಡಲ್ಲ, ಜಾವಾಸ್ಕ್ರಿಪ್ಟ್‌ಗೆ ಕೊಟ್ರೆ "ಇದು ಸಂಖ್ಯೆಯೇ ಅಲ್ಲ" ಅನ್ನುತ್ತೆ.

ಹಳೇಟರ್ಬೊ, ಮೈಸೂರು

18ಆ? ನಮ್ಮೂರಿಗೆ ಸಿ ಕೊಟ್ಟ ಮರ್ಯಾದೆ ನೋಡಿ, ದೊಡ್ಡ ಊರು.

ಅಡಿಕೆಲೆಕ್ಕ, ಸಾಗರ
*(ಐದು ವಾರದ ನಂತರ)*

ಬದುಕಿದ್ದೀನಿ. ವರದಿ ಒಪ್ಪಿಸ್ತೀನಿ.

ಮೊದಲ ವಾರ ಪಾತ್ ಟಿಕ್ ಹಾಕೋದು ಮರೆತೆ. ಮೇಷ್ಟ್ರು ಹೇಳಿದ್ರೂ ಮರೆತೆ. ಮೂರು ದಿನ ಅಳಲಿಲ್ಲ, ಎರಡೇ ದಿನ.

ಆಮೇಲೆ ಮೂರು ಚೀಲದ ಪ್ರೋಗ್ರಾಂ. ಒಂದೊಂದು ಚೀಲದ ತೂಕ ಕೇಳಿ ಕೂಡಿಸ್ಬೇಕು. 65.4 ಹೊಡೆದೆ, 66.1 ಹೊಡೆದೆ, 64.8 ಹೊಡೆದೆ. ಉತ್ತರ 196.3 ಬರಬೇಕಲ್ಲ? ಬಂದಿದ್ದು 65.466.164.8. ಒಂದರ ಬಾಲಕ್ಕೆ ಇನ್ನೊಂದನ್ನ ಅಂಟಿಸಿಬಿಟ್ಟಿದೆ! ರಾತ್ರಿ ಹನ್ನೊಂದರ ತನಕ ನೋಡ್ದೆ, ಗೊತ್ತಾಗ್ಲಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಮೇಷ್ಟ್ರ "5" + 2 ನೆನಪಾಯ್ತು. ಕೀಬೋರ್ಡಿನಿಂದ ಬಂದದ್ದನ್ನ ಪೈಥಾನ್ ಸಂಖ್ಯೆ ಅಂತ ತಿಳ್ಕೊಳ್ಳಲ್ಲ, ಅಕ್ಷರ ಅಂತ ತಿಳ್ಕೊಳ್ಳುತ್ತೆ. ಫ್ಲೋಟ್ (ದಶಮಾಂಶ ಸಂಖ್ಯೆ) ಅಂತ ಸುತ್ತಿದೆ, ಸರಿಹೋಯ್ತು. 196.3ರಲ್ಲಿ ಚೀಲದ ತೂಕ ಒಟ್ಟು 3 ಕಳೆದು 193.3, ಕ್ವಿಂಟಾಲಿಗೆ 48000 ಅಂದ್ರೆ 92784. ಕ್ಯಾಲ್ಕುಲೇಟರ್ ಹಿಡಿದು ಮೂರು ಸಲ ನೋಡ್ದೆ. ಅದೇ.

ನಿಜ ಹೇಳ್ತೀನಿ, ಎಕ್ಸೆಲ್‌ನಲ್ಲಿ ಇದೇ ಲೆಕ್ಕ ಸಾವಿರ ಸಲ ಮಾಡಿದ್ದೀನಿ, ಆದ್ರೆ ಅವತ್ತು ಆದ ಖುಷಿ ಯಾವತ್ತೂ ಆಗಿಲ್ಲ.

ಬ್ಯಾಂಕ್‌ಮೂಲೆ, ದಾವಣಗೆರೆ

ಭೇಷ್! ಒಂದು ಮಾತು ಈಗಲೇ ಕಿವಿಗೆ ಹಾಕ್ಕೊಳ್ಳಿ. 0.1 + 0.2 ಎಷ್ಟು ಅಂತ ಪೈಥಾನ್‌ಗೆ ಕೇಳಿ ನೋಡಿ. 0.30000000000000004 ಅನ್ನುತ್ತೆ. ಪೈಥಾನ್ ತಪ್ಪಲ್ಲ, ಫ್ಲೋಟ್ ಇರೋ ಎಲ್ಲ ಕಡೆ ಹೀಗೇ. ನಾವು ಮೂರರಿಂದ ಒಂದನ್ನ ಭಾಗಿಸಿದ್ರೆ 0.333 ಅಂತ ಮುಗೀದೇ ಹೋಗುತ್ತಲ್ಲ, ಎರಡರ ಲೆಕ್ಕದಲ್ಲಿ ಯೋಚಿಸೋ ಕಂಪ್ಯೂಟರ್‌ಗೆ ಹತ್ತನೇ ಒಂದು ಭಾಗ ಹಾಗೇ. ತೂಕಕ್ಕೆ ತೊಂದರೆ ಇಲ್ಲ. ದುಡ್ಡಿಗೆ ಮಾತ್ರ ಡೆಸಿಮಲ್ ಮಾಡ್ಯೂಲ್ ಬಳಸಿ, ಇಲ್ಲಾ ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಇಟ್ಕೊಳ್ಳಿ. ಆಡಿಟ್‌ನಲ್ಲಿ ಒಂದು ಪೈಸೆ ಹುಡುಕೋಕೆ ನಾನು ಒಂದು ಭಾನುವಾರ ಕಳಕೊಂಡಿದ್ದೀನಿ.

ಅಡಿಕೆಲೆಕ್ಕ, ಸಾಗರ

ಬರ್ಕೊಂಡೆ ಅಣ್ಣ. ಈಗ ಇನ್ನೊಂದು ಕಡೆ ಸಿಕ್ಕಿ ಹಾಕ್ಕೊಂಡಿದ್ದೀನಿ. ಹೆಸರು, ತೂಕ, ಮೊತ್ತ ಒಂದು ಫೈಲಿಗೆ ಬರೆಸ್ತಿದ್ದೀನಿ, ಎಕ್ಸೆಲ್‌ನಲ್ಲಿ ತೆರೆಯೋಕೆ. ಹೆಸರು ಇಂಗ್ಲಿಷ್‌ನಲ್ಲಿದ್ರೆ ಸರಿ. ಕನ್ನಡದಲ್ಲಿ ಕೊಟ್ಟ ಕೂಡ್ಲೇ "ಚಾರ್‌ಮ್ಯಾಪ್" ಅಂತ ಏನೋ ಕೆಂಪಗೆ ಎರಡು ಪ್ಯಾರಾ ಬರುತ್ತೆ.

ಅಕ್ಷರಮೂರು, ಮ್ಯೂನಿಕ್

ಅದಕ್ಕೇ ಕಾಯ್ತಿದ್ದೆ. ಆ ಎರಡು ಪ್ಯಾರಾದಲ್ಲಿ ಮೇಲಿಂದ ಓದಬೇಡಿ, ಕೊನೆಯ ಸಾಲು ಓದಿ. ಅಲ್ಲೇ ಕಾರಣ ಇರುತ್ತೆ, ಅದರ ಸ್ವಲ್ಪ ಮೇಲೆ ನಿಮ್ಮ ಫೈಲಿನ ಎಷ್ಟನೇ ಸಾಲು ಅಂತ ಇರುತ್ತೆ. ಉಳಿದದ್ದು ಸದ್ಯಕ್ಕೆ ಬೇಡ.

ವಿಂಡೋಸ್‌ನಲ್ಲಿ ನೀವು ಏನೂ ಹೇಳದೇ ಫೈಲ್ ತೆರೆದ್ರೆ ಪೈಥಾನ್ ಹಳೇ ಕಾಲದ ಅಕ್ಷರಪಟ್ಟಿ ಹಿಡ್ಕೊಳ್ಳುತ್ತೆ, ಅದರಲ್ಲಿ ಕನ್ನಡ ಇಲ್ಲ. ಫೈಲ್ ತೆರೆಯೋ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8-ಸಿಗ್ ಅಂತ ಕೊಡಿ (ಇಲ್ಲಿ ಕನ್ನಡದಲ್ಲಿ ಬರೆದಿದ್ದೀನಿ, ಕೋಡಲ್ಲಿ ಇಂಗ್ಲಿಷ್ ಸಣ್ಣಕ್ಷರ). ಬರೀ ಯುಟಿಎಫ್-8 ಕೊಟ್ರೂ ಎರರ್ ಹೋಗುತ್ತೆ, ಆದ್ರೆ ಎಕ್ಸೆಲ್‌ನಲ್ಲಿ ತೆರೆದಾಗ ಹೆಸರೆಲ್ಲ ಕೋಳಿ ಕೆದರಿದ ಹಾಗೆ ಕಾಣುತ್ತೆ. ಸಿಗ್ ಅಂದ್ರೆ ಫೈಲಿನ ತಲೆಗೆ ಒಂದು ಗುರುತು, ಎಕ್ಸೆಲ್ ಅದನ್ನ ನೋಡಿ ಓಹೋ ಇದು ಯುನಿಕೋಡ್ ಅಂತ ತಿಳ್ಕೊಳ್ಳುತ್ತೆ.

ಅಡಿಕೆಲೆಕ್ಕ, ಸಾಗರ

ಬಂತು!! ಹೆಸರೆಲ್ಲ ಕನ್ನಡದಲ್ಲೇ ಬಂತು. ಇವತ್ತು ಬಂದ ಹದಿನೇಳು ಜನದ ಪಟ್ಟಿ ಎಂಟು ನಿಮಿಷ. ಅದರಲ್ಲಿ ಆರು ನಿಮಿಷ ನಾನು ತೂಕ ಟೈಪ್ ಮಾಡಿದ್ದು.

ಪ್ರಿಂಟ್ ತೆಗೆದು ಮಾವನಿಗೆ ಕೊಟ್ಟೆ. ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದ್ರು. ಹೊಗಳ್ತಾರೆ ಅಂತ ನಿಂತಿದ್ದೆ. "ಹಮಾಲಿ ಎಲ್ಲಿ ಕಳೆದಿದೀಯೆ?" ಅಂದ್ರು. ಹಮಾಲಿ ಹಾಕೋದೇ ಮರೆತಿದ್ದೆ! ಎಕ್ಸೆಲ್‌ನಲ್ಲಿ ಅದು ಆ ಕಡೆ ಕಾಲಂನಲ್ಲಿ ತಾನಾಗೇ ಇರ್ತಿತ್ತು, ನನ್ನ ತಲೆಯಲ್ಲಿ ಇರಲೇ ಇಲ್ಲ.

ಈಗ ಸೇರಿಸ್ತಿದ್ದೀನಿ. ಅರ್ಧ ತುಂಬಿದ ಚೀಲ ಬಂದ್ರೆ ಪೂರ್ತಿ ಹಮಾಲಿ ಹಿಡೀಬೇಕಾ, ಅರ್ಧ ಹಿಡೀಬೇಕಾ? ಇಫ್ ಹಾಕೋದು ಹೇಗೆ ಅಂತ ಗೊತ್ತು, ಒಳಗೆ ಏನು ಬರೀಬೇಕು ಅಂತ ಗೊತ್ತಾಗ್ತಿಲ್ಲ.

ಕುಮಟಾಮೇಷ್ಟ್ರು

ಅದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ತಂಗಿ. ಹಮಾಲರನ್ನೇ ಕೇಳಿ ಬಾ.